ಚಿತ್ತೋರಗಢವೋ, ಕುಂಭಲಗಢವೋ: ಎರಡೂ ಹತ್ತಿ ನೋಡಿದ ಮೇಲೆ

ಉದಯಪುರಕ್ಕೆ ಹೊರಟವರು ಕೇಳುವ ಪ್ರಶ್ನೆ ಒಂದೇ. ಕೈಯಲ್ಲಿ ಇರುವುದು ಒಂದು ದಿನ, ಚಿತ್ತೋರಕ್ಕೆ ಹೋಗೋದಾ, ಕುಂಭಲಗಢಕ್ಕಾ? ಎರಡೂ ಮೇವಾಡದ, ಅಂದರೆ ಉದಯಪುರದ ಸುತ್ತಲಿನ ಹಳೆಯ ರಾಜ್ಯದ, ರಾಣಾಗಳ ಕೋಟೆ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ರಾಜಸ್ಥಾನದ ಆರು ಬೆಟ್ಟದ ಕೋಟೆಗಳಲ್ಲಿ ಇವೆರಡೂ ಇವೆ. ಎರಡನ್ನೂ ನಾನು ಅವಸರ ಮಾಡದೆ ನೋಡಿದ್ದೇನೆ. ಒಂದೇ ಆಗುವುದಾದರೆ ಚಿತ್ತೋರಕ್ಕೆ ಹೋಗಿ. ಆದರೆ ಕುಂಭಲಗಢ ನೋಡದೆ ಚಿತ್ತೋರ ಪೂರ್ತಿ ಅರ್ಥ ಆಗುವುದಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಜಾಗದ ಮಾತು. ಚಿತ್ತೋರದ ಗುಡ್ಡ ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ಎತ್ತರ ಸುಮಾರು 180 ಮೀಟರ್, ಮೇಲೆ 700 ಎಕರೆಯಷ್ಟು ಮಟ್ಟಸವಾದ ಜಾಗ, ಸುತ್ತ 13 ಕಿಲೋಮೀಟರ್ ಗೋಡೆ. ಊರಿನ ಕಡೆಯಿಂದ ಹತ್ತುವಾಗ ಪಾಡನ್ ಪೋಲ್‌ನಿಂದ ರಾಮ್ ಪೋಲ್‌ವರೆಗೆ ಏಳು ಬಾಗಿಲು. ರಸ್ತೆ ಅಡ್ಡಡ್ಡ ತಿರುಗಿಕೊಂಡು ಏರುತ್ತದೆ. ಈ ದಾರಿಯಲ್ಲಿ ಎಷ್ಟು ಭದ್ರ ಮಾಡಿದ್ದಾರೆ ಅನ್ನಿಸುತ್ತದೆ, ಆದರೆ ಮೇಲೆ ಹೋಗಿ ಗೋಡೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಸುತ್ತಲೂ ಬಯಲು. ದೊಡ್ಡ ಸೈನ್ಯ ಇದ್ದವನು ನಾಲ್ಕೂ ಕಡೆ ಡೇರೆ ಹೊಡೆದು ತಿಂಗಳುಗಟ್ಟಲೆ ಕೂತರೆ ಆಯಿತು, ಒಳಗಿನವರಿಗೆ ಹೊರಗಿನ ಸಂಪರ್ಕ ಇಲ್ಲ. ಅದೇ ಮೂರು ಸಲ ನಡೆಯಿತು. 1303ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ, 1535ರಲ್ಲಿ ಗುಜರಾತಿನ ಬಹಾದುರ್ ಶಾಹ, 1568ರಲ್ಲಿ ಅಕ್ಬರ್. ಮೂರು ಸಲವೂ ಜೌಹರ್ ಆಯಿತು, ಅಂದರೆ ಶತ್ರುವಿನ ಕೈಗೆ ಸಿಗಬಾರದೆಂದು ಕೋಟೆಯ ಹೆಂಗಸರು ಒಟ್ಟಾಗಿ ಬೆಂಕಿಗೆ ಹಾರಿದರು ಎನ್ನುತ್ತಾರೆ.

ಕುಂಭಲಗಢ ಇದಕ್ಕೆ ತದ್ವಿರುದ್ಧ. ಅರಾವಳಿ ಬೆಟ್ಟಗಳ ನಡುವೆ, ಸಮುದ್ರ ಮಟ್ಟದಿಂದ 1100 ಮೀಟರ್ ಮೇಲೆ ಇದೆ. ಉದಯಪುರದಿಂದ ಸುಮಾರು 85 ಕಿಲೋಮೀಟರ್, ಕೊನೆಕೊನೆಗೆ ಬರೀ ತಿರುವಿನ ರಸ್ತೆ. ತೀರಾ ಹತ್ತಿರ ಹೋಗುವವರೆಗೆ ಕೋಟೆ ಕಣ್ಣಿಗೆ ಬೀಳುವುದೇ ಇಲ್ಲ. ಇಷ್ಟು ಗುಡ್ಡಗಳನ್ನೆಲ್ಲ ಸುತ್ತುವರಿಯಲು ಎಷ್ಟು ಸೈನ್ಯ ಬೇಕಾಗುತ್ತದೆ, ನೀವೇ ಹೇಳಿ. ರಾಣಾ ಕುಂಭ ಇದನ್ನು 1443ರಿಂದ 1458ರವರೆಗೆ ಕಟ್ಟಿಸಿದ. ವಿನ್ಯಾಸ ವಾಸ್ತುಶಿಲ್ಪಿ ಮಂಡನನದು ಎಂದು ನಂಬಿಕೆ. ಚಿತ್ತೋರದಲ್ಲಿ ವಿಜಯ ಸ್ತಂಭ ಎಬ್ಬಿಸಿದವನೂ ಇದೇ ಕುಂಭ. ಚಿತ್ತೋರದ ಕೊರತೆ ಏನು ಅಂತ ಚೆನ್ನಾಗಿ ಗೊತ್ತಿದ್ದವನು ಕಟ್ಟಿದ ಕೋಟೆ ಕುಂಭಲಗಢ, ನನಗೆ ಹಾಗೇ ಕಾಣುತ್ತದೆ.

ನೋಡುವಂಥದ್ದು ಯಾವ ಕಡೆ ಜಾಸ್ತಿ? ಇದರಲ್ಲಿ ಎರಡು ಮಾತಿಲ್ಲ, ಚಿತ್ತೋರ. ವಿಜಯ ಸ್ತಂಭ ಒಂದನ್ನೇ ನೋಡುತ್ತಾ ಅರ್ಧ ದಿನ ಕಳೆಯಬಹುದು. ಮಾಳವದ ಮಹಮೂದ್ ಖಿಲ್ಜಿಯನ್ನು ಸೋಲಿಸಿದ ನೆನಪಿಗೆ ಎದ್ದದ್ದು, 1448ರಲ್ಲಿ ಮುಗಿಯಿತು. ಒಂಬತ್ತು ಅಂತಸ್ತು, 37 ಮೀಟರ್ ಎತ್ತರ. ಸುಮ್ನೆ ದೂರದಿಂದ ಫೋಟೋ ತೆಗೆದುಕೊಂಡು ಹೊರಡಬೇಡಿ. ಹತ್ತಿರ ಹೋಗಿ ಗೋಡೆಗೆ ಮುಖ ಒಡ್ಡಿ ನಿಲ್ಲಿ. ಅಂಗೈ ಅಗಲದಷ್ಟೂ ಖಾಲಿ ಕಲ್ಲು ಸಿಗುವುದು ಕಷ್ಟ, ದೇವ ದೇವಿಯರು, ನದಿಗಳು, ಋತುಗಳು, ಆಯುಧಗಳು, ಎಷ್ಟೋ ಮೂರ್ತಿಗಳಿಗೆ ಅವುಗಳ ಹೆಸರನ್ನೂ ಕೊರೆದಿದ್ದಾರೆ. ಮೂರನೆಯ ಅಂತಸ್ತಿನಲ್ಲಿ ಅರಬ್ಬಿ ಅಕ್ಷರದಲ್ಲಿ ಅಲ್ಲಾಹನ ಹೆಸರೂ ಇದೆ. ಕಟ್ಟಿದ ಶಿಲ್ಪಿ ಜೈತ ಮತ್ತು ಅವನ ಮಕ್ಕಳ ಮೂರ್ತಿಗಳಿಗೂ ಒಳಗೆ ಜಾಗ ಕೊಟ್ಟಿದ್ದಾರೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ನಾನು ಹೋದಾಗ ಒಳಗಿನ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಕನ್ನಡದವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಕುಂಭ ಸಂಗೀತ, ನಾಟಕಗಳ ಬಗ್ಗೆ ಬರೆದ ದೊರೆ, ಅವನ ನಾಟಕಗಳಲ್ಲಿ ಮೇವಾಡಿ, ಮಹಾರಾಷ್ಟ್ರಿ ಜೊತೆಗೆ ಕರ್ಣಾಟಿ ಭಾಷೆಯೂ ಇತ್ತು ಎಂದು ಇದೇ ಸ್ತಂಭದ ಪ್ರಶಸ್ತಿ ಶಾಸನದಲ್ಲಿ ಬರುತ್ತದೆ.

ಸ್ತಂಭದ ಪಕ್ಕದಲ್ಲೇ ಸಮಿದ್ಧೇಶ್ವರ ಗುಡಿ, ಒಳಗೆ ಮೂರು ಮುಖದ ದೊಡ್ಡ ಶಿವ. ಅಲ್ಲಿಂದ ಮೆಟ್ಟಿಲು ಇಳಿದರೆ ಗೋಮುಖ ಕುಂಡ. ಬಂಡೆಯ ಸಂದಿನಿಂದ ನೀರು ಹಸುವಿನ ಬಾಯಿಯ ಆಕಾರದ ಕಲ್ಲಿನಿಂದ ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ. ಕುಂಡದ ತುಂಬ ಮೀನು, ಜನ ಕಾಳು ಹಾಕುತ್ತಾ ಕೂತಿರುತ್ತಾರೆ. ಈ ಕೋಟೆಯಲ್ಲಿ ಒಂದು ಕಾಲಕ್ಕೆ 84 ಕೆರೆ ಕುಂಡಗಳಿದ್ದವಂತೆ, ಈಗ ಉಳಿದಿರುವುದು 22ರ ಹತ್ತಿರ. ಅಷ್ಟು ನೀರು ಹಿಡಿದಿಟ್ಟಿದ್ದಕ್ಕೇ ಮುತ್ತಿಗೆಗಳನ್ನು ತಿಂಗಳುಗಟ್ಟಲೆ ತಡೆದುಕೊಂಡರು.

ಜನ ಮುಗಿಬೀಳುವುದು ಮಾತ್ರ ಪದ್ಮಿನಿ ಮಹಲಿಗೆ. ನೀರಿನ ನಡುವಿನ ಆ ಕಟ್ಟಡ ಈಗ ಕಾಣುವ ರೂಪದಲ್ಲಿ 19ನೇ ಶತಮಾನದ್ದು. ಅಲ್ಲಾವುದ್ದೀನ್ ಖಿಲ್ಜಿಗೆ ಕನ್ನಡಿಯಲ್ಲಿ ರಾಣಿ ಪದ್ಮಿನಿಯ ಮುಖ ತೋರಿಸಿದ ಕಥೆಯನ್ನು ಗೈಡ್‌ಗಳು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ, ಆದರೆ ಪದ್ಮಿನಿಯ ಕಥೆ ಮೊದಲು ಸಿಗುವುದು 1540ರ ಸುಮಾರಿಗೆ ಅವಧಿ ಭಾಷೆಯಲ್ಲಿ ಬರೆದ ಒಂದು ಕಾವ್ಯದಲ್ಲಿ, ಅಂದರೆ ಖಿಲ್ಜಿಯ ಮುತ್ತಿಗೆ ನಡೆದು 200 ವರ್ಷಕ್ಕೂ ಹೆಚ್ಚು ಕಾಲ ಆದ ಮೇಲೆ. ಅಲ್ಲಿ ಹತ್ತು ನಿಮಿಷ ಸಾಕು. ಉಳಿದ ಸಮಯವನ್ನು ಜೈನರ ಕೀರ್ತಿ ಸ್ತಂಭಕ್ಕೆ ಕೊಡಿ. 22 ಮೀಟರಿನ ಗೋಪುರ, ಆದಿನಾಥನಿಗೆ ಅರ್ಪಿಸಿದ್ದು, ವಿಜಯ ಸ್ತಂಭಕ್ಕಿಂತ ಹಳೆಯದು, ಸುತ್ತ ಒಬ್ಬರೂ ಇರುವುದಿಲ್ಲ. ಕೆಳಗಿನ ಬಾಗಿಲುಗಳ ಬಳಿ ಜಯಮಲ್ ಮತ್ತು ಕಲ್ಲಾ ಅವರ ಛತ್ರಿಗಳಿವೆ, ಅಂದರೆ ನೆನಪಿನ ಮಂಟಪಗಳು, ಆಟೋದವರು ಅಲ್ಲಿ ನಿಲ್ಲಿಸುವುದಿಲ್ಲ, ಕೇಳಿ ನಿಲ್ಲಿಸಿಕೊಳ್ಳಿ. ಅಕ್ಬರನ ಮುತ್ತಿಗೆಯಲ್ಲಿ ಕೋಟೆ ಕಾದು ಸತ್ತವರು ಅವರು.

ಕುಂಭಲಗಢದಲ್ಲಿ ಈ ತರಹ ಬಿಡಿಬಿಡಿಯಾಗಿ ನೋಡುವುದು ಕಡಿಮೆ. ಅಲ್ಲಿ ಗೋಡೆಯೇ ಸ್ಮಾರಕ. 36 ಕಿಲೋಮೀಟರ್ ಉದ್ದ, ಗುಡ್ಡದ ಬೆನ್ನು ಹಿಡಿದು ಹಾವಿನ ಹಾಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ. ಬುರುಜುಗಳು ಬುಡದಲ್ಲಿ ಉಬ್ಬಿಕೊಂಡಿವೆ, ಏಣಿ ಆನಿಸಲು ನೇರ ಜಾಗ ಇಲ್ಲ. ಮೇಲೆ ಎಂಟು ಕುದುರೆ ಸಾಲಾಗಿ ಹೋಗಬಹುದಿತ್ತು ಎನ್ನುತ್ತಾರೆ. ಎಲ್ಲ ಕಡೆ ಅಷ್ಟು ಅಗಲ ನನಗೆ ಕಾಣಲಿಲ್ಲ, ಆದರೂ ನಡೆಯಲು ಧಾರಾಳ ಜಾಗ ಇದೆ. ಒಳಗೆ 360ಕ್ಕೂ ಹೆಚ್ಚು ಗುಡಿಗಳು, ಅದರಲ್ಲಿ 300ರಷ್ಟು ಜೈನರವು. ಬಹಳ ಮಂದಿ ಇಲ್ಲಿಯೂ ಇರುವ ರಾಮ್ ಪೋಲ್ ಎಂಬ ಬಾಗಿಲಿನಿಂದ ನೇರ ಮೇಲಿನ ಬಾದಲ್ ಮಹಲಿಗೆ ಹತ್ತಿ, ಇಳಿದು ಹೊರಟುಬಿಡುತ್ತಾರೆ. ಬಾದಲ್ ಮಹಲ್ ಮಹಾರಾಣಾ ಫತೇಸಿಂಗ್ ಕಾಲದ್ದು, ಹೊಸ ಕಟ್ಟಡ. ಮೇಲಿನ ಗಾಳಿ, ನೋಟ ಚೆನ್ನಾಗಿದೆ, ಅಷ್ಟೇ. ಅದರ ಬದಲು ಬಾಗಿಲಿನ ಬಳಿಯೇ ಇರುವ ವೇದಿ ಮಂದಿರ, ನೀಲಕಂಠ ಮಹಾದೇವ ಗುಡಿಯನ್ನು ನೋಡಿ ಗೋಡೆಯ ಮೇಲೆ ಒಂದು ಗಂಟೆಯಾದರೂ ನಡೆಯಿರಿ. ಬೆಟ್ಟದ ಇಳಿಜಾರಿನಲ್ಲಿ ಕಾಡು ಸೇರಿಕೊಂಡ ಗುಡಿಗಳು ಒಂದೊಂದಾಗಿ ಕಾಣತೊಡಗುತ್ತವೆ.

ಇತಿಹಾಸದಲ್ಲಿ ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಚಿತ್ತೋರದಲ್ಲಿ ರಾಜಮನೆತನದ ಬನವೀರ ಎಂಬವನು ಆಗಿನ ರಾಣಾನನ್ನು ಕೊಂದು ಎಳೆಯ ಉದಯಸಿಂಗನನ್ನೂ ಮುಗಿಸಲು ಬಂದಾಗ, ದಾದಿ ಪನ್ನಾ ತನ್ನ ಸ್ವಂತ ಮಗನನ್ನು ಉದಯಸಿಂಗನ ಹಾಸಿಗೆಯಲ್ಲಿ ಮಲಗಿಸಿ ರಾಜಕುಮಾರನನ್ನು ಉಳಿಸಿದಳು ಎಂಬುದು ಮೇವಾಡದಲ್ಲಿ ಎಲ್ಲರೂ ಹೇಳುವ ಕಥೆ. ಹುಡುಗ ಆಸರೆ ಪಡೆದು ಬೆಳೆದದ್ದು ಕುಂಭಲಗಢದಲ್ಲಿ. 1540ರಲ್ಲಿ ಅವನ ಮಗ ಮಹಾರಾಣಾ ಪ್ರತಾಪ ಹುಟ್ಟಿದ್ದೂ ಅಲ್ಲೇ. ಆ ಕೋಟೆಯೂ ಸೋಲದೆ ಉಳಿಯಲಿಲ್ಲ. 1578ರಲ್ಲಿ ಅಕ್ಬರನ ಸೇನಾಪತಿ ಶಹಬಾಜ್ ಖಾನ್ ಹಿಡಿದ, ಮುಂದೆ ಪ್ರತಾಪ ಮತ್ತೆ ಗೆದ್ದುಕೊಂಡ. ಅದನ್ನು ಕಟ್ಟಿಸಿದ ಕುಂಭನಂತೂ 1468ರಲ್ಲಿ ಮಗನ ಕೈಯಲ್ಲೇ ಸತ್ತ.

ಹೋಗಿಬರುವ ಲೆಕ್ಕದಲ್ಲಿ ಚಿತ್ತೋರ ಸುಲಭ. ರೈಲು ಇದೆ, ಹೆದ್ದಾರಿ ಇದೆ, ಮೇಲೆ ಆಟೋ ಮಾಡಿಕೊಂಡರೆ ವಯಸ್ಸಾದ ಅಪ್ಪ ಅಮ್ಮನೂ ಎಲ್ಲ ನೋಡಬಹುದು. ಬಿಸಿಲು ಮಾತ್ರ ಜಾಸ್ತಿ, ಚಳಿಗಾಲದಲ್ಲೇ ಹೋಗಿ. ಕುಂಭಲಗಢಕ್ಕೆ ಕಾರು ಮಾಡಿಕೊಳ್ಳುವುದು ವಾಸಿ, ಕೋಟೆಯ ಒಳಗೆ ಪೂರ್ತಿ ನಡಿಗೆ, ಏರು ಕಡಿದಾಗಿದೆ, ಮಂಡಿನೋವು ಇದ್ದವರಿಗೆ ಕಷ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೆಟ್ಟಗಳು ಹಸಿರಾಗಿರುತ್ತವೆ, ಅದೇ ಒಳ್ಳೆಯ ಕಾಲ. ಎರಡು ದಿನ ಸಿಕ್ಕಿದರೆ ಉದಯಪುರದಲ್ಲೇ ಉಳಿದುಕೊಂಡು ಮೊದಲ ದಿನ ಚಿತ್ತೋರ, ಮರುದಿನ ಕುಂಭಲಗಢ ಇಟ್ಟುಕೊಳ್ಳಿ. ಮೊದಲ ದಿನ ಬಯಲಿನ ಆ ಗುಡ್ಡವನ್ನು ಕಂಡಿದ್ದರೆ, ಕುಂಭ ಇಷ್ಟು ದೂರ ಬಂದು ಈ ಬೆಟ್ಟಗಳನ್ನೇ ಯಾಕೆ ಆರಿಸಿಕೊಂಡ ಅಂತ ಯಾವ ಗೈಡೂ ನಿಮಗೆ ಹೇಳಬೇಕಾಗಿಲ್ಲ.