ಕ್ಲಚ್ ಕವರ್ ಸೋರುತ್ತಿದೆಯಾ? ಪೇಸ್ಟಾ, ಗ್ಯಾಸ್ಕೆಟ್ಟಾ?

ಮಂಡ್ಯದ ನಮ್ಮ ಮನೆ ಅಂಗಳದಲ್ಲಿ ಬೈಕ್ ನಿಂತ ಕಡೆ ದಿನಾ ರೂಪಾಯಿ ಅಗಲದ ಕಪ್ಪು ಕಲೆ. ಇಂಜಿನ್ ಪಕ್ಕದ ಕ್ಲಚ್ ಕವರ್ ಸಂದಿಯಿಂದ ಆಯಿಲ್ ಜಿನುಗುತ್ತಿತ್ತು. ಮೊದಲು ಸಂದಿ ಮುಚ್ಚುವ ಸೀಲಿಂಗ್ ಪೇಸ್ಟ್ ಹಚ್ಚಿದೆ. ಅಗ್ಗ, ಬೇಗ ಮುಗಿಯುತ್ತದೆ. ಆದರೆ ಸುಮ್ನೆ ಹೊರಗಿನಿಂದ ಮೆತ್ತಿದರೆ ನಿಲ್ಲುವುದಿಲ್ಲ, ಎಣ್ಣೆ ಪಸೆ ಮೇಲೆ ಅದು ಹಿಡಿಯಬೇಕಲ್ವಾ? ಕವರ್ ಬಿಚ್ಚಿ ಒಳಗೆ ಜಾಸ್ತಿ ಹಚ್ಚಿದರೆ, ಉಬ್ಬಿದ ಚೂರು ಕಿತ್ತುಬಂದು ಆಯಿಲ್ ಜಾಲರಿಗೆ ಸಿಕ್ಕಿಕೊಳ್ಳಬಹುದು.

ಗ್ಯಾಸ್ಕೆಟ್‌ಗೆ (ಕವರ್ ಮತ್ತು ಇಂಜಿನ್ ನಡುವೆ ಕೂರುವ ತೆಳು ಹಾಳೆ) ಅರ್ಧ ದಿನ ಬೇಕು. ಆಯಿಲ್ ಇಳಿಸಬೇಕು, ಕವರ್ ಬಿಚ್ಚಬೇಕು. ಹಳೇ ಗ್ಯಾಸ್ಕೆಟ್ ಕೆರೆಯುವುದೇ ದೊಡ್ಡ ತಲೆನೋವು. ಸ್ಕ್ರೂಡ್ರೈವರ್ ತಾಗಿ ಅಲ್ಯುಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲಿಂದಲೇ ಮತ್ತೆ ಸೋರುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ನಾನಂತೂ ಗ್ಯಾಸ್ಕೆಟ್ ಕಡೆ. ಆದರೆ ಹನಿ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ನಿಂದ ಬೀಳುತ್ತಿದ್ದರೆ ಎರಡೂ ಬೇಡ, ಮೊದಲು ಹೊಸ ವಾಷರ್ ಹಾಕಿ ನೋಡಿ.