ದಡದಲ್ಲಿ ಆಳ ಸರಿಯಾಗಿ ತೋರಿಸಿತು ಅಂತ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಕಳಿಸಬೇಡಿ

ಬೋಟಿಗೆ ಆಳ ತೋರಿಸುವ ಮೀಟರ್ ಹಾಕಿಸಬೇಕು ಅಂತಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಅದನ್ನು ಕೂರಿಸುವ ಸರಿಯಾದ ಜಾಗ ಗೊತ್ತಾಗುವ ಮೊದಲು ಬೋಟಿಗೆ ಡ್ರಿಲ್ ಮುಟ್ಟಿಸಲು ಬಿಡಬೇಡಿ. ನಮ್ಮ ಫೈಬರ್ ಬೋಟಿನ ಹಿಂಬದಿಯಲ್ಲಿ ಬೇಡದ ತೂತುಗಳಾಗಿವೆ. ಒಳಗಿನ ಪ್ಲೈವುಡ್ ನೆನೆದು ಮೆತ್ತಗಾಗಿದೆ.

ನಾವಿರುವುದು ಎಚ್.ಡಿ. ಕೋಟೆ ಕಡೆ, ಕಬಿನಿ ಹಿನ್ನೀರಿನಲ್ಲಿ. ನೀರು ತುಂಬಿರುವಾಗ ಯೋಚನೆ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ, ನಿನ್ನೆ ಓಡಾಡಿದ ಕಡೆ ಇವತ್ತು ಇಂಜಿನ್ ಕೆಸರು ಕಡೆಯುತ್ತದೆ. ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ ಅಣೆಕಟ್ಟೆಯ ಲೆಕ್ಕ. ಕೆಆರ್‌ಎಸ್ 124.80 ಅಡಿ ಭರ್ತಿ ಅಂದರೂ ನಿಮ್ಮ ಬೋಟಿನ ಕೆಳಗೆ ಎಷ್ಟಿದೆ ಅಂತ ಅದರಿಂದ ತಿಳಿಯುವುದಿಲ್ಲ. ಅದಕ್ಕೇ ಮೀಟರ್ ಬೇಕಿತ್ತು. (ಅದು ಕೆಳಗೆ ಮಾತ್ರ ನೋಡುತ್ತದೆ, ಮುಂದೆ ನೋಡಲ್ಲ. ಬೊಡ್ಡೆಗೆ ನಿಮ್ಮ ಕಣ್ಣೇ ಗತಿ.)

ಮೈಸೂರಿನಿಂದ ಒಬ್ಬ ಮೆಕ್ಯಾನಿಕ್ ಬಂದ. ಟ್ರಾನ್ಸ್‌ಡ್ಯೂಸರ್ (ಮೀಟರಿನ ನೀರೊಳಗೆ ಇರುವ ಭಾಗ) ಎಲ್ಲಿ ಹಾಕ್ತೀರಿ ಅಂತ ಕೇಳಿದ್ದಕ್ಕೆ, "ಎಲ್ಲಾದ್ರೂ ಆಗುತ್ತೆ ಸಾರ್, ನೀರೊಳಗೆ ಮುಳುಗಿದ್ರೆ ಸಾಕು" ಅಂದ. ಇಂಜಿನ್ನಿನ ಎಡಕ್ಕೆ, ಬೋಟನ್ನು ತಳ್ಳುವ ಫ್ಯಾನಿಗೆ (ಪ್ರೊಪೆಲ್ಲರ್) ಒಂದು ಗೇಣು ದೂರದಲ್ಲಿ ಸ್ಕ್ರೂ ಹೊಡೆದ. ಕೇಬಲ್ ಉದ್ದ ಜಾಸ್ತಿ ಅಂತ ಕತ್ತರಿಸಿ ಟೇಪ್ ಸುತ್ತಿದ. ದಡದಲ್ಲಿ ಆನ್ ಮಾಡಿದರೆ ಅಂಕಿ ಚೆನ್ನಾಗಿಯೇ ಬಂತು. ಬಿದಿರಿನ ಗಳ ಹಾಕಿ ನೋಡಿದರೂ ಅಷ್ಟೇ ಆಳ. ದುಡ್ಡು ಎಣಿಸಿಕೊಂಡು ಹೋದ.

ಮಾರನೇ ದಿನ ನಡು ನೀರಿನಲ್ಲಿ ವೇಗ ಕೊಟ್ಟ ತಕ್ಷಣ ಅಂಕಿ ಮಿಟುಕಿ ಮಾಯವಾಯಿತು. ಆಮೇಲೆ ಅರ್ಧ ಮೀಟರ್ ಅಂತ ಬಂತು. ಅಲ್ಲಿ ಗಳ ಪೂರ್ತಿ ಇಳಿಸಿದರೂ ನೆಲ ಸಿಗುತ್ತಿರಲಿಲ್ಲ! ವೇಗ ಇಳಿಸಿದರೆ ಮತ್ತೆ ಸರಿ. ಫೋನ್ ಮಾಡಿದರೆ, "ಪೀಸ್ ಡಿಫೆಕ್ಟ್ ಇರ್ಬೇಕು, ಬೇರೆ ತಗೊಳ್ಳಿ" ಅಂತ ಉತ್ತರ.

ಪೀಸ್ ಸರಿಯಾಗಿಯೇ ಇತ್ತು. ಟ್ರಾನ್ಸ್‌ಡ್ಯೂಸರ್ ಶಬ್ದ ಬಿಡುತ್ತದೆ, ನೆಲಕ್ಕೆ ತಾಗಿ ವಾಪಸ್ ಬರುವ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. ಆದರೆ ಗಾಳಿಗುಳ್ಳೆ ಅಡ್ಡ ಬಂದರೆ ಅಲ್ಲೇ ಕೆಲಸ ಕೆಟ್ಟಿತು. ನಿಂತ ಬೋಟಿನ ಕೆಳಗೆ ಗುಳ್ಳೆ ಇಲ್ಲ, ಆದ್ದರಿಂದ ದಡದ ಪರೀಕ್ಷೆಯಲ್ಲಿ ಎಲ್ಲಿ ಹಾಕಿದರೂ ಪಾಸ್.

ಒಂದೇ ಇಂಜಿನ್ ಇರುವ ಹೆಚ್ಚಿನ ಬೋಟುಗಳಲ್ಲಿ, ಹಿಂದೆ ನಿಂತು ನೋಡಿದರೆ ಫ್ಯಾನ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಬಲಗಡೆ ಎಲೆಗಳು ಕೆಳಗಿಳಿಯುತ್ತವೆ, ಎಡಗಡೆ ಮೇಲೇರುತ್ತವೆ. ಮೇಲೇರುವ ಕಡೆ ಗುಳ್ಳೆ ಜಾಸ್ತಿ, ಅದಕ್ಕೇ ಬಲಗಡೆ ಹಾಕಿ ಅನ್ನುವುದು. ನಿಮ್ಮದು ಉಲ್ಟಾ ತಿರುಗಿದರೆ ಎಡಗಡೆ. ಫ್ಯಾನಿನಿಂದ ಕಡಿಮೆಯೆಂದರೂ 15 ಇಂಚು ದೂರ ಬಿಡಿ. ಬೋಟಿನ ತಳದಲ್ಲಿ ಉದ್ದಕ್ಕೆ ಏಣುಗಳಿರುತ್ತವೆ, ಅಲ್ಯೂಮಿನಿಯಂ ಆದರೆ ರಿವೆಟ್ ಸಾಲು. ಬೋಟ್ ಓಡುವಾಗ ಅವುಗಳ ಹಿಂದೆ ಗುಳ್ಳೆಯ ಪಟ್ಟಿಯೇ ಏಳುತ್ತದೆ. ನಮ್ಮದನ್ನು ಸರಿಯಾಗಿ ಏಣಿನ ಹಿಂದೆಯೇ ಕೂರಿಸಿದ್ದ ಪುಣ್ಯಾತ್ಮ. ಟ್ರಾನ್ಸ್‌ಡ್ಯೂಸರಿನ ಮುಖ ನೀರಿಗೆ ಸಮವಾಗಿರಬೇಕು, ಫೈಬರ್ ಬೋಟಿನಲ್ಲಿ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗೆ.

ಮೀನು ಹಿಡಿಯುವ ಒಬ್ಬ ಹಿರಿಯರು ಹೇಳಿಕೊಟ್ಟ ಉಪಾಯ ಮೊದಲೇ ಗೊತ್ತಿದ್ದರೆ ಬೇಡದ ಒಂದು ತೂತೂ ಆಗುತ್ತಿರಲಿಲ್ಲ. ಒಂದು ಹಲಗೆಗೆ ಟ್ರಾನ್ಸ್‌ಡ್ಯೂಸರ್ ಬಿಗಿಯಿರಿ. ಹಲಗೆಯನ್ನು ಹಿಂಬದಿಗೆ ಕ್ಲ್ಯಾಂಪ್ ಹಾಕಿ ಹಿಡಿಸಿ, ಜಾರಿ ಫ್ಯಾನಿಗೆ ಸಿಗದ ಹಾಗೆ ಹಗ್ಗ ಕಟ್ಟಿ, ಬೋಟ್ ಓಡಿಸಿ. ಅಂಕಿ ಹಾರಿದರೆ ನಿಲ್ಲಿಸಿ, ಸ್ವಲ್ಪ ಸರಿಸಿ, ಮತ್ತೆ ಓಡಿಸಿ. ಪೂರ್ತಿ ವೇಗದಲ್ಲೂ ಅಂಕಿ ಹಾರದೆ ನಿಂತ ಜಾಗಕ್ಕೆ ಗುರುತು ಹಾಕಿ. ಅಲ್ಲೂ ಬೋಟಿಗೆ ನೇರವಾಗಿ ಕೊರೆಯುವ ಬದಲು ದಪ್ಪ ಪ್ಲಾಸ್ಟಿಕ್ ಹಲಗೆ ಕೂರಿಸಿ, ಅದಕ್ಕೆ ಸ್ಕ್ರೂ ಹೊಡೆಯಿರಿ. ಮುಂದೆ ಸರಿಸಬೇಕಾದರೆ ಕೊರೆಯುವುದು ಆ ಪ್ಲಾಸ್ಟಿಕ್ಕನ್ನು ಅಷ್ಟೇ.

"ತೂತೇ ಬೇಡ, ಒಳಗಡೆ ತಳಕ್ಕೆ ಅಂಟಿಸ್ತೀನಿ" ಅಂತಲೂ ಆಮೇಲೆ ಅದೇ ಮೆಕ್ಯಾನಿಕ್ ಅಂದ. ಗಟ್ಟಿ ಫೈಬರ್ ಆದರೆ ಶಬ್ದ ದಾಟುತ್ತದೆ. ನಡುವೆ ಪ್ಲೈವುಡ್, ಫೋಮ್ ಇದ್ದರೆ ದಾಟಲ್ಲ. ನಮ್ಮ ತಳದಲ್ಲಿ ಪ್ಲೈವುಡ್ ಇದೆಯಾ ಅಂತ ಕೇಳುವ ಗೋಜಿಗೂ ಅವನು ಹೋಗಿರಲಿಲ್ಲ.

ಅವನು ಸ್ಕ್ರೂ ತೂತಿಗೆ ಬೋಟಿನ ಸೀಲೆಂಟ್ (ನೀರು ತಡೆಯುವ ಅಂಟು) ಹಾಕಿರಲಿಲ್ಲ ಅನ್ನುವುದು ಸ್ಕ್ರೂ ಬಿಚ್ಚಿದಾಗ ಗೊತ್ತಾಯಿತು. ತೂತಿನಿಂದ ಕಂದು ನೀರು ಇಳಿಯಿತು. ನಿಮ್ಮ ಬೋಟಿನಲ್ಲೂ ಇಂಥ ಹಳೇ ಸ್ಕ್ರೂ ಇದ್ದರೆ ಸುತ್ತಮುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಕ್ ಟಕ್ ಅಂದರೆ ಸರಿ. ಬದ್ ಬದ್ ಅಂದರೆ ಪ್ಲೈ ನೀರು ಕುಡಿದಿದೆ. ಒಣಗಿಸದೆ ಮೇಲಿಂದ ಫೈಬರ್ ಬಳಿಸಬೇಡಿ, ಒಳಗೊಳಗೇ ಕೊಳೆಯುತ್ತದೆ. ಇಂಜಿನ್ ನೇತಾಡುವುದು ಹಿಂಬದಿಯ ಅದೇ ಪ್ಲೈವುಡ್ ಮೇಲೆ.