ಬೆಂಗಳೂರಿಂದ ಪುತ್ತೂರಿಗೆ: ವಿಮಾನವೋ, ರೈಲೋ, ರಾತ್ರಿ ಬಸ್ಸೋ?

ದೇವನಹಳ್ಳಿಯಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿರುತ್ತದೆ. ಅದರಲ್ಲಿ ನಿಜವಾಗಿ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ. ಈ ಲೆಕ್ಕಕ್ಕೆ ಮರುಳಾಗಿ ಕಳೆದ ದೀಪಾವಳಿಗೆ ವಿಮಾನ ಹತ್ತಿದೆ.

ನಾವಿರುವುದು ವಿಜಯನಗರದಲ್ಲಿ, ಊರು ಪುತ್ತೂರು. ಊರಿರುವುದು ಪಡುವಣಕ್ಕೆ, ಬೆಳಗ್ಗೆ ಐದೂವರೆಗೆ ನಾನು ಟ್ಯಾಕ್ಸಿ ಹತ್ತಿ ಹೊರಟಿದ್ದು ಈಶಾನ್ಯಕ್ಕೆ, ಸುಮಾರು 40 ಕಿ.ಮೀ. ಆಮೇಲೆ ಬ್ಯಾಗು, ಬೆಲ್ಟು, ಕ್ಯೂ. 8:40ರ ವಿಮಾನ ಘಟ್ಟದ ಮೋಡ ದಾಟಿತೋ ಇಲ್ಲವೋ, ಸೀಟ್ ಬೆಲ್ಟ್ ದೀಪ ಹತ್ತಿತು. ಬಜ್ಪೆಯದು ಗುಡ್ಡದ ನೆತ್ತಿ ಸಮ ಮಾಡಿ ಹಾಸಿದ ರನ್‌ವೇ. ಕಿಟಕಿಯಲ್ಲಿ ಕೆಳಗೆಲ್ಲೋ ತೆಂಗಿನ ತಲೆಗಳು, ಆಮೇಲೆ ಮುರಕಲ್ಲಿನ ಕೆಂಪು ಅಂಚು, ತಕ್ಷಣ ಚಕ್ರ ನೆಲಕ್ಕೆ ದಢಕ್ಕನೆ ತಾಗುತ್ತದೆ. ಅದೊಂದು ನೋಟಕ್ಕೆ ದುಡ್ಡು ಕೊಡಬಹುದು. ಆದರೆ ಅಷ್ಟರಲ್ಲಿ ಪುತ್ತೂರು ಹಿಂದೆ ಉಳಿದಿತ್ತು! ಬಿ.ಸಿ. ರೋಡ್ ಮೇಲಾಗಿ ಮತ್ತೆ ಮೂಡಣಕ್ಕೆ ಐವತ್ತು ಕಿ.ಮೀ. ಮೀರಿ ಬಂದು ಮನೆ ಮುಟ್ಟುವಾಗ ಮುಕ್ಕಾಲು ಹನ್ನೆರಡು. ಒಟ್ಟು ಆರೂಕಾಲು ಗಂಟೆ. "ಬಸ್ಸಲ್ಲಿ ಬಂದಿದ್ರೆ ತಿಂಡಿಗೇ ಮುಟ್ತಿದ್ದೆ ಮಾರಾಯ" ಎಂದರು ಅಮ್ಮ.

ಅವರು ಹೇಳಿದ್ದು ಸರಿ. ರಾತ್ರಿ 9:45ಕ್ಕೆ ಹತ್ತಿದರೆ ಹಾಸನದವರೆಗೆ ಗಡದ್ದಾಗಿ ನಿದ್ದೆ. ಶಿರಾಡಿಯ ತಿರುವುಗಳಲ್ಲಿ ಮೈ ಒಮ್ಮೆ ಗಾಜಿಗೆ, ಒಮ್ಮೆ ಪರದೆಗೆ ಜಾರುತ್ತದೆ, ಕಂಬಳಿ ಎಲ್ಲೋ, ನಾವೆಲ್ಲೋ. ಉಪ್ಪಿನಂಗಡಿಯಲ್ಲಿ ಬಸ್ಸು ಪುತ್ತೂರಿನತ್ತ ತಿರುಗುತ್ತದೆ, ಐದೂವರೆಗೆ ಮನೆ. ಗಡಿಯಾರದಲ್ಲಿ ಏಳೂಮುಕ್ಕಾಲು ಗಂಟೆ, ಹಗಲಿನಿಂದ ಹೋದದ್ದು ಸೊನ್ನೆ. ಖರ್ಚಿನ ಮಾತಂತೂ ಬೇಡ, ಆ ದಿನದ ಎರಡು ಟ್ಯಾಕ್ಸಿ ಬಾಡಿಗೆಯಲ್ಲೇ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು.

ಮಳೆಗಾಲದಲ್ಲಿ ಮಾತ್ರ ಬಸ್ಸನ್ನು ನಂಬುವ ಹಾಗಿಲ್ಲ. ಒಂದು ಜುಲೈಯಲ್ಲಿ ಘಟ್ಟದಲ್ಲಿ ಗುಡ್ಡ ಜರಿದು ಸಕಲೇಶಪುರದ ಆಚೆ ಕೂತೇ ಬೆಳಗಾಯಿತು. ಹಾಗಂತ ವಿಮಾನ ಮೇಲು ಅನ್ನುವಂತೆಯೂ ಇಲ್ಲ. ಅದೇ ವಾರ ಗೆಳೆಯನ ವಿಮಾನ ಬಜ್ಪೆಯ ಮೋಡಕ್ಕೆ ಸುತ್ತು ಹಾಕಿ ಹಾಕಿ ಬೆಂಗಳೂರಿಗೇ ವಾಪಸಾಯಿತು.

ರೈಲಿನಲ್ಲಿ ಗಂಟೆ ಲೆಕ್ಕ ಹಾಕಲೇಬಾರದು. ಬೆಳಗ್ಗೆ ಯಶವಂತಪುರ ಬಿಟ್ಟರೆ ನಮ್ಮೂರ ಸ್ಟೇಷನ್ ಕಬಕ ಪುತ್ತೂರು ಮುಟ್ಟುವಾಗ ಮಧ್ಯಾಹ್ನ ಮೂರರ ಹೊತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., 57 ಸುರಂಗ. 50 ಮೀಟರಿಗೆ ಒಂದು ಮೀಟರ್ ಇಳಿಜಾರು, ಹಾಗಾಗಿ ಗಾಡಿ ತೆವಳುತ್ತದೆ. ಮಗಳು 31ರವರೆಗೆ ಸುರಂಗ ಎಣಿಸಿದಳು, ವಡೆ ಬಂತು, ಲೆಕ್ಕ ತಪ್ಪಿತು. ಮಕ್ಕಳ ಜೊತೆ ರಜೆಯಲ್ಲಿ ಹೋಗುವುದಾದರೆ ನನ್ನ ಮತ ಇದಕ್ಕೇ.

ಯಲಹಂಕದಲ್ಲಿದ್ದು ಕಿನ್ನಿಗೋಳಿಗೆ ಹೋಗುವವರಿಗೆ ಎರಡೂ ಕಡೆ ವಿಮಾನ ನಿಲ್ದಾಣ ಹತ್ತಿರ, ಅವರಿಗೆ ಕಣ್ಣುಮುಚ್ಚಿ ವಿಮಾನ ಅನ್ನುತ್ತೇನೆ. ನಾನಂತೂ ಏಪ್ರಿಲ್‌ನ ಪುತ್ತೂರು ಜಾತ್ರೆಗೆ ಬಸ್ಸಿನ ಕೆಳಗಿನ ಬರ್ತ್ ಬುಕ್ ಮಾಡಿದ್ದೇನೆ, ಹಿಂದಿನ ಚಕ್ರದ ಮೇಲಿನದ್ದು ಬಿಟ್ಟು.